ಸೈನೈಡ್ ಗುಡ್ಡದ ಮಣ್ಣಿನ ಲೆಕ್ಕ ಯಾರ ಹತ್ತಿರ ಉಂಟು?



ಕೆಜಿಎಫ್ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾ. 2018ರ ಡಿಸೆಂಬರಿನಲ್ಲಿ ಅದು ಬಂದಾಗ ನಮ್ಮ ಕಾಸರಗೋಡಿನ ಹುಡುಗರೂ ಹೋಗಿ ಶಿಳ್ಳೆ ಹೊಡೆದು ನೋಡಿ ಬಂದವರೇ. ಅದರಲ್ಲಿ ಬೂದಿ ಬಣ್ಣದ ದೊಡ್ಡ ದೊಡ್ಡ ದಿಬ್ಬಗಳು ಬರುತ್ತವಲ್ಲ, ಅಂಥ ದಿಬ್ಬಗಳು ಕೋಲಾರ ಜಿಲ್ಲೆಯಲ್ಲಿ ನಿಜವಾಗಿಯೂ ಉಂಟು. ಅಲ್ಲಿಯ ಜನ ಅದಕ್ಕೆ ಸೈನೈಡ್ ಗುಡ್ಡ ಅನ್ನುತ್ತಾರೆ. ದೇವರು ಮಾಡಿದ ಗುಡ್ಡ ಅಲ್ಲ ಅದು. ನೆಲದಡಿಯಿಂದ ಮೇಲೆ ತಂದ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಬಂಗಾರವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. ನೂರು ವರ್ಷಕ್ಕೂ ಮಿಕ್ಕಿ ರಾಶಿ ಬಿದ್ದದ್ದು.

ಬಂಗಾರದ ಚರಿತ್ರೆ ಬೇಕಾದಷ್ಟು ಬರೆದಾಗಿದೆ. ಈ ಪುಡಿಯ ಚರಿತ್ರೆ, ಅದರ ಬುಡದಲ್ಲಿ ಸಂಸಾರ ಮಾಡಿದ ನಮ್ಮವರ ಚರಿತ್ರೆ ಬರೆದದ್ದು ಕಡಿಮೆ. ಗಣಿ ಮುಗಿದ ಮೇಲೆ ನೆಲವನ್ನು ಮೊದಲಿನ ಹಾಗೆ ಮಾಡಿಕೊಡಬೇಕು, ಮಣ್ಣು ಸರಿಯಾಗಿದೆಯೋ ಇಲ್ಲವೋ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಿರಬೇಕು ಅನ್ನುವ ಕಾನೂನು ಇವತ್ತು ನಮ್ಮ ದೇಶದಲ್ಲಿ ಉಂಟು. ಆ ಕಾನೂನು ಬಂದದ್ದು ಯಾವಾಗ, ಕೆಜಿಎಫ್ ಮುಚ್ಚಿದ್ದು ಯಾವಾಗ ಅಂತ ಎರಡು ತಾರೀಕು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅದನ್ನು ನಿಮಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶಾಲೆಯ ಪಾಠದಲ್ಲಿ ಇರುವಷ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. 1873ರಲ್ಲಿ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಮೈಸೂರು ಸರಕಾರದ ಹತ್ತಿರ ಗಣಿಗಾರಿಕೆಗೆ ಅನುಮತಿ ಕೇಳಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ಬೆಂಗಳೂರಿನ ಬೀದಿಗೆ ಬರುವ ಮೊದಲೇ! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಒಟ್ಟು 800 ಟನ್ನಿಗೂ ಹೆಚ್ಚು ಬಂಗಾರ ಹೊರಗೆ ಬಂತು. ಪಾಠ ಇಲ್ಲಿಗೆ ನಿಲ್ಲುತ್ತದೆ.

ಆ ಆಳಕ್ಕೆ ಇಳಿದದ್ದು ಯಾರು? ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು, ಅಂದರೆ ದಲಿತರು. ಊರಲ್ಲಿ ಜಮೀನುದಾರರ ಹೊಲದಲ್ಲಿ ಕಟ್ಟಾಳಾಗಿ ದುಡಿದವರು. ಇದು ನಮಗೆ ಅರ್ಥವಾಗದ ಕತೆ ಅಲ್ಲ. ನಮ್ಮ ತುಳುನಾಡಿನಲ್ಲಿ 'ಮೂಲದಾಳು' ಅಂತ ಇತ್ತಲ್ಲ, ಗದ್ದೆ ಮಾರಿದರೆ ಗದ್ದೆಯ ಜೊತೆ ಆಳೂ ಹೋಗಬೇಕು ಅನ್ನುವ ಪದ್ಧತಿ, ಅದೇ ಜಾತಿಯ ಬದುಕು. 1843ರ ಐದನೇ ಕಾಯಿದೆ ಕಾಗದದ ಮೇಲೆ ಗುಲಾಮಗಿರಿಯನ್ನು ತೆಗೆಯಿತು. ಬದುಕಿನಲ್ಲಿ ಅದು ಹೋಗಲಿಕ್ಕೆ ಎಷ್ಟು ತಲೆಮಾರು ಬೇಕಾಯಿತು ಅಂತ ನಮ್ಮ ಅಜ್ಜ ಅಜ್ಜಿಯರನ್ನು ಕಂಡವರಿಗೆ ಗೊತ್ತುಂಟು. ಆ ಆರ್ಕಾಟಿನ ಜನ ಗಣಿಗೆ ಬಂದದ್ದು ಬಂಗಾರದ ಆಸೆಗಲ್ಲ. ಮೇಲಿನ ಮಣ್ಣಿನ ದಾಸ್ಯ ತಪ್ಪಿಸಿಕೊಳ್ಳಲಿಕ್ಕೆ ಕೆಳಗಿನ ಕತ್ತಲೆಗೆ ಇಳಿದವರು ಅವರು. ಕೈಗೆ ನಗದು ಕೂಲಿ ಸಿಗುತ್ತದೆ, ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅಷ್ಟು ಸಾಕಿತ್ತು ಅವರಿಗೆ.

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸುಮಾರು 30 ಸಾವಿರ ಮಂದಿ ದುಡಿಯುತ್ತಿದ್ದರು. ಸಾಹೇಬರಿಗೆ ಬಂಗಲೆ, ಕ್ಲಬ್ಬು. ಕೂಲಿಯವರಿಗೆ ಸಾಲಾಗಿ ಕಟ್ಟಿದ ತಟ್ಟಿಯ ಗುಡಿಸಲು, ಅದಕ್ಕೆ 'ಲೈನ್' ಅಂತ ಹೆಸರು. (ನಮಗೆ ಇಲ್ಲಿ 'ಕಾಲೊನಿ' ಅಂತ ಇದ್ದ ಹಾಗೆ. ಕೇರಳ ಸರಕಾರ 2024ರ ಜೂನಿನಲ್ಲಿ ಆ ಶಬ್ದವನ್ನು ತೆಗೆದು 'ನಗರ', 'ಉನ್ನತಿ', 'ಪ್ರಕೃತಿ' ಅಂತ ಬಳಸಬೇಕು ಅಂದಿದೆ. ಒಳ್ಳೆಯದೇ. ಬೋರ್ಡು ಬದಲಾದಷ್ಟು ಬೇಗ ಉಳಿದದ್ದೂ ಬದಲಾಗಬೇಕು.) ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತಿತ್ತು. 1940ರ ದಶಕದಲ್ಲಿ ವೈದ್ಯರು ಸಾವಿರಾರು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ಎದೆಯಲ್ಲಿ ಅದು ಸಿಕ್ಕಿತು. ಆ ಕಾಯಿಲೆಗೆ ಪರಿಹಾರ ಕೊಡಬೇಕು ಅನ್ನುವ ನಿಯಮವನ್ನು ಮೈಸೂರು ಸಂಸ್ಥಾನ ಮಾಡಿದ್ದು 1940ರಲ್ಲಿ, ಅಂದರೆ ಕಂಪೆನಿ ಬಂದು 60 ವರ್ಷ ಆದ ಮೇಲೆ.

ಅವರೇನು ಬಾಯಿ ಮುಚ್ಚಿ ಕೂತವರಲ್ಲ. ಅಯೋತ್ತಿದಾಸರು 1898ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಇತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಎಷ್ಟೋ ದಶಕ ಮೊದಲೇ ಕೋಲಾರದ ಗಣಿ ಕೂಲಿಗಳು ಬುದ್ಧನ ಹತ್ತಿರ ಹೋಗಿಯಾಗಿತ್ತು. 1930ರ ಏಪ್ರಿಲಿನಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ತೆಗೆಯುತ್ತೇವೆ ಅಂತ ಕಂಪೆನಿ ಹೊರಟಾಗ, 'ನಾವೇನು ಕಳ್ಳರಾ?' ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಕೈಯಿಂದ ಮಲ ಬಾಚುವ ಪದ್ಧತಿಯ ವಿರುದ್ಧ ದೇಶವನ್ನೇ ಎಬ್ಬಿಸಿದ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಬಂಗಾರ ತೆಗೆಯುವ ಊರಿನ ಲೈನುಗಳಲ್ಲಿ ಒಣ ಕಕ್ಕಸು ಇತ್ತು, ಅದನ್ನು ಬಾಚಲಿಕ್ಕೂ ನಮ್ಮವರೇ ಇದ್ದರು.

1956ರಲ್ಲಿ ಗಣಿ ಮೈಸೂರು ಸರಕಾರದ ಕೈಗೆ ಬಂತು. ಅದೇ ವರ್ಷ ನವೆಂಬರ್ ಒಂದಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನಾವು ಮಲಯಾಳದ ರಾಜ್ಯದಲ್ಲಿ ಕನ್ನಡದವರು, ಅವರು ಕನ್ನಡದ ರಾಜ್ಯದಲ್ಲಿ ತಮಿಳರು. ಗಡಿನಾಡಿನ ಕಷ್ಟ ಏನು ಅಂತ ಇಬ್ಬರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಕೇಂದ್ರ ಸರಕಾರ ಗಣಿಯನ್ನು ವಹಿಸಿಕೊಂಡಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬಂಗಾರದ ಪಾಲು ಇಳಿಯುತ್ತಾ ಹೋಗಿ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಸಿಗುವ ಹಾಗಾಯಿತು, ಖರ್ಚು ಏರಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಕುಟುಂಬಗಳು ಹಳೆಯ ಲೈನ್ ಮನೆಗಳಲ್ಲೇ ಉಳಿದವು. ಮಕ್ಕಳು ಬೆಳಗ್ಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸು ಬರಲಿಕ್ಕೆ ಸುರು ಮಾಡಿದರು. ಗುಡ್ಡಗಳು ಇದ್ದಲ್ಲೇ ಇದ್ದವು.

ಈಗ ಆ ತಾರೀಕನ್ನು ನೆನಪಿಟ್ಟುಕೊಳ್ಳಿ, 2001. ಇನ್ನು ಕಾನೂನಿನ ಕಡೆ ಬರುವ. ಅದಕ್ಕೆ ಕಲ್ಲಿದ್ದಲಿನ ಕತೆ ಬೇಕು, ಯಾಕಂದರೆ ನೆಲ ವಾಪಸು ಮಾಡುವ ಕಾನೂನಿಗೆ ಹಲ್ಲು ಬಂದದ್ದು ಕಲ್ಲಿದ್ದಲಿನಿಂದ. ಕೇರಳದಲ್ಲೂ ಕರ್ನಾಟಕದಲ್ಲೂ ಕಲ್ಲಿದ್ದಲು ಗಣಿ ಇಲ್ಲ. ಹಾಗಂತ ನಮಗೂ ಅದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ. ರಾಮಗುಂಡಂ, ತಾಲ್ಚೇರ್, ನೈವೇಲಿಯ ಸ್ಥಾವರಗಳಿಂದ ಕೇರಳಕ್ಕೆ ವಿದ್ಯುತ್ತಿನ ಪಾಲು ಬರುತ್ತದೆ. ವಿದ್ಯಾನಗರದಲ್ಲಿ ನಾವು ಹಾಕುವ ಸ್ವಿಚ್ಚಿನ ಆಚೆ ತುದಿಯಲ್ಲಿ ಎಲ್ಲೋ ಒಂದು ತೆರೆದ ಗಣಿ ಉಂಟು.

1966ರ ಅಕ್ಟೋಬರ್ 21, ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರ್‌ಫಾನ್ ಎಂಬ ಗಣಿ ಹಳ್ಳಿ. ಕಲ್ಲಿದ್ದಲು ಗಣಿಯ ಕಸವನ್ನು ಗುಡ್ಡದ ಮೇಲೆ ರಾಶಿ ಹಾಕಿದ್ದರು. ಮಳೆನೀರು ಕುಡಿದ ರಾಶಿ ಬೆಳಗ್ಗೆ ಜಾರಿ ಶಾಲೆಯ ಮೇಲೆ ಬಿತ್ತು. 144 ಮಂದಿ ಸತ್ತರು, ಅದರಲ್ಲಿ 116 ಮಕ್ಕಳು. ಆಮೇಲೆ ಆದದ್ದು ಕೇಳಿ. ಉಳಿದ ರಾಶಿಯನ್ನು ತೆಗೆಯಿರಿ ಅಂತ ಜನ ಕೇಳಿದರೆ, ಅದರ ಖರ್ಚಿಗೆ ಸಂತ್ರಸ್ತರಿಗಾಗಿ ಲೋಕವೆಲ್ಲ ಕಳಿಸಿದ ಪರಿಹಾರ ನಿಧಿಯಿಂದಲೇ ಒಂದೂವರೆ ಲಕ್ಷ ಪೌಂಡ್ ತೆಗೆದುಕೊಂಡರು! ಮಕ್ಕಳನ್ನು ಕಳಕೊಂಡವರೇ ಕಸ ತೆಗೆಯುವ ಕೂಲಿ ಕೊಡಬೇಕಾಯಿತು. ಆ ಹಣವನ್ನು ಸರಕಾರ ವಾಪಸು ಕೊಟ್ಟದ್ದು 1997ರಲ್ಲಿ, ಅದೂ ಬಡ್ಡಿ ಇಲ್ಲದೆ. ಅಲ್ಲಿ ಜಾತಿ ಇಲ್ಲ. ಆದರೂ ಗಣಿಯ ಕಸ ಯಾರ ತಲೆಯ ಮೇಲೆ ಬೀಳುತ್ತದೆ ಅನ್ನುವ ವಿಷಯದಲ್ಲಿ ಎಲ್ಲ ಊರೂ ಒಂದೇ ಹಾಗೆ ಕಾಣುತ್ತದೆ.

ಅಮೆರಿಕದಲ್ಲಿ 1977ರ ಆಗಸ್ಟಿನಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆ ಅಂತಲೇ ಒಂದು ಕಾನೂನು ಬಂತು. ಅದರ ಹೂರಣ ಇಷ್ಟು. ಅಗೆಯುವ ಮೊದಲು ಮೇಲ್ಮಣ್ಣನ್ನು ಬೇರೆಯೇ ತೆಗೆದಿಡು. ಕಲ್ಲಿದ್ದಲು ತೆಗೆದ ಮೇಲೆ ಗುಂಡಿ ಮುಚ್ಚಿ ನೆಲವನ್ನು ಸುಮಾರಾಗಿ ಮೊದಲಿನ ಆಕಾರಕ್ಕೆ ತಾ. ಮೇಲ್ಮಣ್ಣನ್ನು ಪುನಃ ಹರಡು, ಗಿಡ ಬೆಳೆಸು. ಬೆಳೆಸಿದ ಮೇಲೂ ಐದು ವರ್ಷ, ಮಳೆ ಕಡಿಮೆಯ ಜಾಗದಲ್ಲಿ ಹತ್ತು ವರ್ಷ, ಜವಾಬ್ದಾರಿ ನಿನ್ನದೇ. ಇದಕ್ಕೆಲ್ಲ ಮೊದಲೇ ಹಣ ಅಡವು ಇಡು. ಕೆಲಸ ಆಗದಿದ್ದರೆ ಆ ಹಣ ವಾಪಸು ಸಿಗುವುದಿಲ್ಲ.

ನಮ್ಮ ದೇಶದಲ್ಲೂ ಮೇಲ್ಮಣ್ಣನ್ನು ಬೇರೆ ಇಡಬೇಕು, ನೆಲವನ್ನು ಸರಿಮಾಡಬೇಕು ಅಂತ ಖನಿಜ ನಿಯಮದಲ್ಲಿ 1988ರಿಂದಲೇ ಬರೆದಿತ್ತು. ಆದರೆ ಹಣ ಕಟ್ಟಿಸದ ನಿಯಮ ಬುದ್ಧಿಮಾತಿಗೆ ಸಮ. ಗಣಿ ಮುಚ್ಚುವ ಯೋಜನೆ ಮೊದಲೇ ಕೊಡಬೇಕು, ಹೆಕ್ಟೇರಿಗೆ ಇಷ್ಟು ಅಂತ ಭದ್ರತೆ ಇಡಬೇಕು ಅಂತ ಆದದ್ದು 2003ರ ಏಪ್ರಿಲಿನಲ್ಲಿ. ಕೆಜಿಎಫ್ ಮುಚ್ಚಿ ಎರಡು ವರ್ಷ ಆದ ಮೇಲೆ! ನೂರಿಪ್ಪತ್ತು ವರ್ಷ ಅಗೆದ ಗಣಿ ಬರೇ ಎರಡು ವರ್ಷದ ಅಂತರದಲ್ಲಿ ಆ ಕಾನೂನಿನ ಬಲೆಯಿಂದ ಹೊರಗೆ ಉಳಿಯಿತು. ಆಗ ನಿಗದಿ ಮಾಡಿದ ಭದ್ರತೆಯಾದರೂ ಎಷ್ಟು? ದೊಡ್ಡ ಗಣಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ. 2009ರಲ್ಲಿ ಕಲ್ಲಿದ್ದಲಿಗೆ ಬೇರೆಯೇ ಮಾರ್ಗಸೂಚಿ ಬಂದಾಗ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ ಲೆಕ್ಕದಲ್ಲಿ ಎಸ್ಕ್ರೊ ಖಾತೆಗೆ, ಅಂದರೆ ಕಂಪೆನಿ ತನ್ನ ಇಷ್ಟಕ್ಕೆ ಮುಟ್ಟಲಾಗದ ಬ್ಯಾಂಕ್ ಖಾತೆಗೆ, ಹಣ ಕಟ್ಟಬೇಕು ಅಂತ ಆಯಿತು. 2020ರ ಜನವರಿ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು: ಗಣಿ ಮುಗಿದ ಮೇಲೆ ಅಲ್ಲಿ ಪುನಃ ಹುಲ್ಲು ಬೆಳೆಸಬೇಕು, ಮೇವಿಗೆ, ಗಿಡಕ್ಕೆ, ಪ್ರಾಣಿಗಳಿಗೆ ಆಗುವ ಹಾಗೆ ನೆಲವನ್ನು ಮಾಡಿಕೊಡಬೇಕು ಎಂಬ ಷರತ್ತನ್ನು ಗಣಿ ಗುತ್ತಿಗೆಗಳಲ್ಲೇ ಸೇರಿಸಿ ಅಂತ.

ಹುಲ್ಲು ಅಂದರೆ ಸಣ್ಣ ಸಂಗತಿ ಅಂತ ಕಾಣಬಹುದು. ದನ ಆಡು ಕಟ್ಟಿ ಬದುಕುವ, ಸ್ವಂತ ಜಮೀನು ಇಲ್ಲದ ಮನೆಯವರನ್ನು ಕೇಳಿ ನೋಡಿ. ಗಣಿಯವನಿಗೆ ಜಮೀನು ಕೊಟ್ಟ ಧಣಿಗೆ ದುಡ್ಡು ಸಿಗುತ್ತದೆ. ಆ ಜಮೀನಿನ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವಳಿಗೆ ಯಾವ ದಾಖಲೆಯಲ್ಲೂ ಹೆಸರಿಲ್ಲ.

ಇನ್ನು ಮಣ್ಣಿನ ಮಾತು. ಗುಂಡಿ ಮುಚ್ಚುವುದು ಬೇರೆ, ಮಣ್ಣನ್ನು ವಾಪಸು ತರುವುದು ಬೇರೆ. ಮೇಲಿನ ಒಂದು ಗೇಣು ಮಣ್ಣಿನಲ್ಲಿ ಬೇರು, ಬೀಜ, ಎರೆಹುಳ, ಕಣ್ಣಿಗೆ ಕಾಣದ ಜೀವಾಣು ಎಲ್ಲ ಇರುತ್ತದೆ. ಅದನ್ನು ತೆಗೆದು ಎತ್ತರಕ್ಕೆ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿ ಆಡದೆ ಆ ಜೀವ ಸಾಯುತ್ತದೆ. ಆಮೇಲೆ ಹರಡಿದರೂ ಅದು ಬರೇ ಧೂಳು. ಲಾರಿ, ಬುಲ್ಡೋಜರ್ ಓಡಾಡಿದ ನೆಲ ಗಟ್ಟಿಯಾಗಿ ನೀರು ಇಳಿಯುವುದಿಲ್ಲ. ಹಾಗಾಗಿ ಪರೀಕ್ಷೆ ಒಂದು ಸಲ ಮಾಡಿದರೆ ಸಾಕಾಗುವುದಿಲ್ಲ. ಹುಳಿ ಎಷ್ಟು, ಉಪ್ಪು ಎಷ್ಟು, ಸಾವಯವ ಇಂಗಾಲ ಎಷ್ಟು, ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟು, ಸೀಸ, ಆರ್ಸೆನಿಕ್‌ನಂಥ ವಿಷಲೋಹ ಉಂಟೋ ಅಂತ ವರ್ಷ ವರ್ಷ ನೋಡಬೇಕು. ಅಗೆಯದೆ ಇದ್ದ ಪಕ್ಕದ ನೆಲದ ಮಣ್ಣಿನೊಂದಿಗೆ ಹೋಲಿಸಬೇಕು. ಹತ್ತಿರದ ಬಾವಿಯ ನೀರನ್ನೂ ನೋಡಬೇಕು.

ಕೋಲ್ ಇಂಡಿಯಾದ ಯೋಜನಾ ಸಂಸ್ಥೆ ಸಿಎಂಪಿಡಿಐ 2008ರಿಂದ ತೆರೆದ ಗಣಿಗಳ ನೆಲ ಎಷ್ಟು ಹಸಿರಾಗಿದೆ ಅಂತ ಉಪಗ್ರಹದ ಚಿತ್ರದಿಂದ ಅಳೆಯುತ್ತಿದೆ. ದೊಡ್ಡ ಗಣಿಗಳನ್ನು ಪ್ರತಿ ವರ್ಷ, ಸಣ್ಣವನ್ನು ಮೂರು ವರ್ಷಕ್ಕೊಮ್ಮೆ. ಒಳ್ಳೆಯ ಕೆಲಸವೇ. ಆದರೆ ಆಕಾಶದಿಂದ ಕಾಣುವುದು ಹಸಿರು, ಮಣ್ಣಲ್ಲ. ನಮ್ಮ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟದ್ದನ್ನು ನೀವೇ ಕಂಡಿದ್ದೀರಿ. ಮೇಲಿನಿಂದ ನೋಡಿದರೆ ಕಾಡು. ಕೆಳಗೆ ಹೋಗಿ ಆಡಿಗೆ ಒಂದು ಹಿಡಿ ಸೊಪ್ಪು ಸಿಗುತ್ತದೋ ನೋಡಿ! ಗಣಿ ನೆಲದಲ್ಲೂ ಬೇಗ ಹಸಿರು ತೋರಿಸಲಿಕ್ಕೆ ಇಂಥ ಮರಗಳನ್ನೇ ನೆಡುವ ಚಾಳಿ ಉಂಟು.

ಸೈನೈಡ್ ಗುಡ್ಡಕ್ಕೆ ಬರುವ. ಹೆಸರು ಸೈನೈಡ್ ಆದರೂ ಅದು ಬಿಸಿಲು ಗಾಳಿಗೆ ಬಹುಪಾಲು ಒಡೆದು ಹೋಗುವ ವಸ್ತು. ಉಳಿಯುವುದು ನುಣ್ಣಗಿನ ಸಿಲಿಕಾ ಪುಡಿ, ಕಲ್ಲಿನಲ್ಲಿದ್ದ ಲೋಹ ಮತ್ತು ಗಂಧಕದ ಅಂಶ. ಅದರಲ್ಲಿ ಮೇಲ್ಮಣ್ಣು ಅನ್ನುವುದೇ ಇಲ್ಲ, ಹುಲ್ಲು ಕೂಡ ಕಷ್ಟದಲ್ಲಿ ಹಿಡಿಯುತ್ತದೆ. ಗಾಳಿ ಬೀಸುವ ತಿಂಗಳಲ್ಲಿ ಪುಡಿ ಹಾರಿ ಮನೆಯ ಒಳಗೆ, ಅನ್ನದ ಪಾತ್ರೆಯ ಒಳಗೆ ಬರುತ್ತದೆ. ಗಣಿಯ ಒಳಗೆ ಅಪ್ಪನ ಎದೆಗೆ ಹೋದ ಅದೇ ಧೂಳು ಈಗ ಹೊರಗೆ ಮೊಮ್ಮಗನ ಮೂಗಿಗೆ.

ಇಂಥ ಗುಡ್ಡ ಒಟ್ಟು 13. ಹರಡಿದ ಜಾಗ ಸಾವಿರ ಎಕರೆಯಷ್ಟು, ರಾಶಿ ಸುಮಾರು 3 ಕೋಟಿ 30 ಲಕ್ಷ ಟನ್. ಇದರಲ್ಲಿ ಇನ್ನೂ ಸ್ವಲ್ಪ ಬಂಗಾರ ಉಳಿದಿದೆ, ಈಗಿನ ಬೆಲೆಗೆ ತೆಗೆದರೆ ಲಾಭ ಉಂಟು ಅಂತ ಲೆಕ್ಕ. ಗುಡ್ಡಗಳನ್ನು ಪುನಃ ಅಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಈ ಸಲ ಸುರಂಗ ಇಲ್ಲ, ಲಿಫ್ಟಿನಲ್ಲಿ ಪಾತಾಳಕ್ಕೆ ಇಳಿಯುವುದಿಲ್ಲ. ಯಂತ್ರ ನಿಲ್ಲಿಸಿ ಮೇಲಿನಿಂದಲೇ ಬಾಚುವುದು, ಅಂದರೆ ತೆರೆದ ಗಣಿ. ಹಾಗಾಗಿ ಎರಡು ವರ್ಷದಲ್ಲಿ ತಪ್ಪಿಹೋದ ಆ ಕಾನೂನು ಈಗ ಪುನಃ ಬಾಗಿಲಿಗೆ ಬಂದ ಹಾಗೆ ಆಯಿತು.

ಕೆಜಿಎಫ್‌ನ ನಮ್ಮವರು ಕೇಳಬೇಕಾದದ್ದು ಕೆಲಸ ಎಷ್ಟು ಜನರಿಗೆ ಅಂತ ಮಾತ್ರ ಅಲ್ಲ. ಅರೆದು ಬಂಗಾರ ತೆಗೆದ ಪುಡಿ ಪುನಃ ಎಲ್ಲಿ ಬೀಳುತ್ತದೆ? ಗುಡ್ಡ ಎದ್ದುಹೋದ ಮೇಲೆ ಅಡಿಯ ನೆಲ ಹೇಗಿರುತ್ತದೆ? ಜೊಹಾನ್ಸ್‌ಬರ್ಗಿನಲ್ಲೂ ಇಂಥದೇ ಬಂಗಾರದ ಗಣಿಯ ಗುಡ್ಡಗಳು ಉಂಟು, 1970ರ ದಶಕದಿಂದ ಅವನ್ನು ಪುನಃ ಅಗೆಯುತ್ತಿದ್ದಾರೆ. ಗುಡ್ಡ ಹೋದ ಜಾಗದಲ್ಲೂ ವಿಷದ ಅಂಶ ಮಣ್ಣಿಗೆ ಇಳಿದು ಉಳಿಯುತ್ತದೆ ಅಂತ ಅಲ್ಲಿಯ ಅನುಭವ ಹೇಳುತ್ತದೆ. ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆ ಮನೆ ಕಟ್ಟಿಕೊಟ್ಟದ್ದು ಅಂಥ ಗುಡ್ಡಗಳ ಮಗ್ಗುಲಲ್ಲೇ ಅನ್ನುವುದು ಆಕಸ್ಮಿಕ ಅಲ್ಲ. ಇನ್ನೂ ಮುಖ್ಯ ಪ್ರಶ್ನೆ ಒಂದುಂಟು. ಅಗೆಯುವ ಮೊದಲು ಲೈನುಗಳ ಅಂಗಳದ ಮಣ್ಣು, ಬಾವಿಯ ನೀರು ಪರೀಕ್ಷೆ ಮಾಡಿ ಅದರ ಒಂದು ಪ್ರತಿಯನ್ನು ಅಲ್ಲಿಯ ಜನರ ಕೈಗೆ ಕೊಡುತ್ತಾರಾ? ಮೊದಲಿನ ಲೆಕ್ಕ ಇಲ್ಲದಿದ್ದರೆ ನಂತರದ ಲೆಕ್ಕಕ್ಕೆ ಬೆಲೆ ಇಲ್ಲ. 'ಇದು ಮೊದಲೇ ಹಾಗೇ ಇತ್ತು' ಅಂದರೆ ಮುಗಿಯಿತು.

ಆ ಮಾತು ನಮಗೆ ಹೊಸತಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ. ಎಣ್ಮಕಜೆ, ಮುಳಿಯಾರು ಕಡೆಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ವಿದ್ಯಾನಗರದ ಕಲೆಕ್ಟರೇಟಿನ ಎದುರು ಕೂತದ್ದನ್ನು ನಾವು ಕಂಡವರು. ಸುರಿಯುವ ಮೊದಲಿನ ಮಣ್ಣಿನ ಲೆಕ್ಕ, ನೀರಿನ ಲೆಕ್ಕ ಆ ಮನೆಗಳ ಹತ್ತಿರ ಹೇಗೆ ಇರಬೇಕು? ಕಾಯಿಲೆ ಬಂದ ಮೇಲೆ ರುಜುವಾತು ತನ್ನಿ ಅಂದರು.

ಈಗ ನಮ್ಮ ಸುತ್ತ ನೋಡಿ. ಕೆಂಪುಕಲ್ಲಿನ ಕೋರೆಗಳು ಎಷ್ಟು! ಮಲಯಾಳದಲ್ಲಿ ಚೆಂಗಲ್ ಪಣೆ ಅನ್ನುತ್ತಾರೆ. ಮೊದಲು ಕೈಯಲ್ಲಿ ಕಡಿಯುತ್ತಿದ್ದರು, ಈಗ ಯಂತ್ರ ಕೊಯ್ಯುತ್ತದೆ. ಮಳೆನೀರನ್ನು ಕುಡಿದು ನಿಧಾನಕ್ಕೆ ಬಿಡುವ ಕಲ್ಲು ಅದು. ನಮ್ಮ ಸುರಂಗಗಳಲ್ಲಿ ಬೇಸಗೆಯಲ್ಲೂ ನೀರು ಜಿನುಗುವುದು ಅದರಿಂದ. ಗುಡ್ಡದ ತಲೆಯನ್ನೇ ಕೊಯ್ದು ತೆಗೆದ ಮೇಲೆ ಕೆಳಗಿನ ಮನೆಯ ನೀರಿಗೆ ಯಾರು ಜವಾಬ್ದಾರಿ? ನಮಗೆ ಭೂಸುಧಾರಣೆಯಲ್ಲಿ ಪಂಚಾಯತಿನಲ್ಲಾದರೆ 10 ಸೆಂಟ್ಸ್, ಮುನಿಸಿಪಾಲಿಟಿಯಲ್ಲಾದರೆ ಐದು ಅಥವಾ ಮೂರು ಸೆಂಟ್ಸ್ ಕುಡಿಕಿಡಪ್ಪು ಸಿಕ್ಕಿತು. ಆ ಅಷ್ಟು ಮಣ್ಣಿನ ಪಕ್ಕ 30 ಅಡಿಯ ಗುಂಡಿ ಬಂದರೆ ಉಳಿಯುವುದೇನು?

ಒಂದು ಕೆಲಸ ನಮ್ಮ ಸಂಘದ ಹುಡುಗರು ಹುಡುಗಿಯರು ಮಾಡಬಹುದು. ಮಳೆ ಬಿಟ್ಟ ಮೇಲೆ ನಿಮ್ಮ ನಿಮ್ಮ ಮನೆಯ ಹತ್ತಿರ, ಕೋರೆ ಇದ್ದಲ್ಲಿ ಮತ್ತು ಕೋರೆ ಬರಬಹುದು ಅಂತ ಸುದ್ದಿ ಇದ್ದಲ್ಲಿ, ಮಣ್ಣಿನ ಮಾದರಿ ತೆಗೆಯಿರಿ. ಕಸ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಒಂದು ಗೇಣು ಅಗೆದು, ಗುಂಡಿಯ ಬದಿಯಿಂದ ಮೇಲಿಂದ ಕೆಳಗಿನವರೆಗೆ ತೆಳ್ಳಗೆ ಕೆರೆದು ತೆಗೆಯಬೇಕು. ಹೀಗೆ ಹತ್ತು ಕಡೆಯಿಂದ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಸಾಕು. ಗೊಬ್ಬರದ ಗೋಣಿಯಲ್ಲಿ ಕಟ್ಟಬೇಡಿ, ಲೆಕ್ಕ ತಪ್ಪುತ್ತದೆ. ಕೃಷಿ ಇಲಾಖೆಯವರು ಪರೀಕ್ಷೆ ಮಾಡಿಕೊಡುತ್ತಾರೆ, ಕೃಷಿಭವನದಲ್ಲಿ ಕೇಳಿ. ಕಲ್ಲಿನ ವಿಷಯ ತಿಳಿದವರು ಬೇಕಾದರೆ ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಜಿಯಾಲಜಿ ವಿಭಾಗವೇ ಉಂಟು, ನಮ್ಮ ಮಕ್ಕಳೂ ಅಲ್ಲಿ ಕಲಿಯುತ್ತಿದ್ದಾರೆ. ತಾರೀಕು, ಸರ್ವೆ ನಂಬರು, ಬಾವಿಯ ನೀರು ಎಷ್ಟು ಕೋಲು ಆಳದಲ್ಲಿ ಉಂಟು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಆ ಪುಸ್ತಕ ಸಂಘದ ಕಪಾಟಿನಲ್ಲಿ ಇರಲಿ. ಬರುವ ವರ್ಷ ಅದೇ ತಿಂಗಳು, ಅದೇ ಜಾಗದಿಂದ ಪುನಃ ತೆಗೆಯಿರಿ.